ಕುಶಾಲಪ್ಪನ ಕಾರು ಸೋರಿದ್ದು

ಕುಶಾಲಪ್ಪನ ಕಾರು ಸೋರುತ್ತಿದ್ದುದು ಒಂದೇ ಒಂದು ಕಡೆ. ಎದುರಿನ ಗಾಜಿನ ಬುಡ ಬಾನೆಟ್ಟಿಗೆ ಕೂಡುವ ಮೂಲೆಯಲ್ಲಿ ಕಾಫಿ ಬೀಜ ತೂರುವಷ್ಟು ಒಂದು ತೂತು. ಅದು ಬೇರೆಲ್ಲಾದರೂ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಆ ತೂತಿನ ನೇರ ಕೆಳಗೆ ಕಾರಿನ ಅಷ್ಟೂ ಕರೆಂಟಿನ ತಂತಿಗಳು ಸಂತೆಯಲ್ಲಿ ಸಿಕ್ಕ ನೆಂಟರ ಹಾಗೆ ಒಂದೇ ಕಡೆ ಗುಂಪು ಕಟ್ಟಿಕೊಂಡಿದ್ದವು. ನಾಲ್ಕು ಹನಿ ನೀರು ಬಿದ್ದರೆ ಸಾಕು, ಒಂದರ ಕೆಲಸವನ್ನು ಇನ್ನೊಂದು ಮಾಡತೊಡಗುತ್ತಿತ್ತು. ಬ್ರೇಕು ತುಳಿದರೆ ಹಾರ್ನ್ ಕೂಗುತ್ತಿತ್ತು. ಹಾರ್ನ್ ಒತ್ತಿದರೆ ಗಾಜು ಒರೆಸುವ ಕಡ್ಡಿ ಏಳುತ್ತಿತ್ತು. ದೀಪ ಹಾಕಿದರೆ ಕಾರು ಕೈ ಎತ್ತುತ್ತಿತ್ತು. ಆ ಕಾಲದ ವಿಲಾಯಿತಿ ಕಾರುಗಳಿಗೆ ತಿರುಗುವ ದಿಕ್ಕು ತೋರಿಸಲು ಬಾಗಿಲ ಪಕ್ಕದಿಂದ ಹೊರಚಾಚುವ ಗೇಣುದ್ದದ ಕೆಂಪು ಕೈ ಇರುತ್ತಿತ್ತು. ಕುಶಾಲಪ್ಪನ ಕಾರು ಅದನ್ನು ತನಗೆ ತೋಚಿದಾಗ ಎತ್ತುತ್ತಿತ್ತು, ಇಳಿಸಲು ಒಪ್ಪುತ್ತಿರಲಿಲ್ಲ.

ಕಾರು ಬಂದದ್ದು ಪುಕ್ಕಟೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಸುಂಟಿಕೊಪ್ಪದ ಹತ್ತಿರದ ಎಸ್ಟೇಟಿನ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟ. ಹೋಗುವಾಗ ನಾಯಿಯನ್ನು ಡಾಕ್ಟರಿಗೆ ಕೊಟ್ಟ, ಪಿಯಾನೋವನ್ನು ಕ್ಲಬ್ಬಿಗೆ ಕೊಟ್ಟ, ಹದಿನೈದು ಮಳೆಗಾಲ ಕಂಡಿದ್ದ ಕಾರನ್ನು ತೋಟದ ಲೆಕ್ಕ ಬರೆಯುವ ರೈಟರ್ ಕುಶಾಲಪ್ಪನಿಗೆ ಕೊಟ್ಟ. ಮೂವರಲ್ಲಿ ನಾಯಿ ಸಿಕ್ಕಿದವನೇ ಪುಣ್ಯವಂತ ಎಂಬುದು ಮಳೆ ಹಿಡಿದ ಮೇಲೆ ಗೊತ್ತಾಯಿತು. ಆದರೂ ಲೈನು ಮನೆಗಳ ಆಳುಗಳು ಎದ್ದು ನಿಂತು ದಾರಿ ಬಿಡುವಾಗ ಸ್ಟಿಯರಿಂಗ್ ಹಿಡಿದು ಕೂರುವ ಸುಖ ಕುಶಾಲಪ್ಪನಿಗೆ ಹಿಡಿಸಿಬಿಟ್ಟಿತ್ತು.

ಹೆಂಡತಿ ಪೊನ್ನಮ್ಮನಿಗೆ ಹಿಡಿಸಲಿಲ್ಲ. ದೀಪಾವಳಿಗೆ ಮುಂಚಿನ ಒಂದು ಭಾನುವಾರ ಗಂಡನ ಪಕ್ಕ ಮುಂದಿನ ಸೀಟಿನಲ್ಲಿ ಕೂತು ಸುಂಟಿಕೊಪ್ಪದ ಸಂತೆಗೆ ಹೊರಟಿದ್ದಳು. ದಾರಿಯಲ್ಲಿ ಮಳೆ ಬಂತು. ನೀರು ಮೊದಲು ಅವಳ ರೇಷ್ಮೆ ಸೀರೆಯ ಮಡಿಲಿಗೆ ಇಳಿಯಿತು, ಆಮೇಲೆ ತಂತಿಗಳಿಗೆ. ಸಂತೆಯ ನಟ್ಟನಡುವೆ ಹಾರ್ನ್ ಹಿಡಿದುಕೊಂಡಿತು. ಯಾರೋ ಮಂತ್ರಿಗಳು ಬಂದರೆಂದು ಜನ ಎರಡೂ ಕಡೆ ಸರಿದು ಕೈಮುಗಿದು ನಿಂತರು. ಕಾರಿನಿಂದ ಇಳಿದವಳು ಸೊಂಟದಿಂದ ಕೆಳಗೆ ತೊಪ್ಪೆಯಾಗಿದ್ದ ಪೊನ್ನಮ್ಮ. ಒಣಮೀನು ಮಾರುವವಳು ಕೂಡ ಬಾಯಿಗೆ ಸೆರಗು ಹಿಡಿದು ನಕ್ಕಳು.

ಅಂದು ಸಂಜೆಯೇ ಪೊನ್ನಮ್ಮ ಟ್ರಂಕಿಗೆ ಸೀರೆ ತುಂಬಿದಳು.

“ನೋಡಿ, ಆ ಕಾರ್ ಸೋರುದು ನಿಂತ ದಿನ ಬಂದ್ ಕರೀರಿ, ಬರ್ತೆ. ನಿಲ್ತಿಲ್ಲೆ ತ ಆದ್ರೆ ಅದರ ಒಟ್ಟಿಗೇ ಸಂಸಾರ ಮಾಡಿ” ಎಂದು, ‘ಅಂತ’ವನ್ನು ‘ತ’ ಮಾಡಿ ‘ಇದೆ’ಯನ್ನು ‘ಉಟ್ಟು’ ಮಾಡುವ ತಮ್ಮ ಅರೆಭಾಷೆಯಲ್ಲಿ ಹೇಳಿ ತವರೂರಾದ ಬಿಳಿಗದ್ದೆಯ ಬಸ್ಸು ಹತ್ತಿದಳು.

ಕುಶಾಲಪ್ಪನಿಗೆ ಹೆಂಡತಿ ಎಂದರೆ ಪ್ರಾಣ. ಕಾರಿನ ಮೇಲೂ ಆಸೆ. ಸಂಜೆ ಆಫೀಸಿನಿಂದ ಬಂದರೆ ಒಲೆ ತಣ್ಣಗಿರುತ್ತಿತ್ತು, ಮನೆ ಬಿಕೋ ಎನ್ನುತ್ತಿತ್ತು. ತಾನೇ ರೊಟ್ಟಿ ತಟ್ಟಲು ಹೋಗಿ ಬೆರಳು ಸುಟ್ಟುಕೊಂಡ. ಅವಳ ಬೈಗುಳ ಕೇಳದೆ ನಿದ್ದೆ ಕೂಡ ಸರಿಯಾಗಿ ಬರುತ್ತಿರಲಿಲ್ಲ. ಕಾರನ್ನು ಯಾರಿಗಾದರೂ ದಾಟಿಸಿ ಅವಳನ್ನು ಕರೆತರಬಹುದಿತ್ತು, ಆದರೆ ಕುಶಾಲಪ್ಪ ಅಷ್ಟು ಸುಲಭಕ್ಕೆ ಸೋಲುವ ಜಾತಿಯವನಲ್ಲ. ಕಾರೂ ಇರಬೇಕು, ಪೊನ್ನಮ್ಮನೂ ಇರಬೇಕು, ಪೊನ್ನಮ್ಮ ಕಾರಿನಲ್ಲಿ ಇರಬೇಕು ಎಂದು ಹಟ ಹಿಡಿದ.

ಪಕ್ಕದ ಮನೆಯ ಧರ್ಮಪಾಲ ಆ ಹಟಕ್ಕೆ ಉಪ್ಪು ಖಾರ ಹಾಕಿದ. ಅವನು ಎಸ್ಟೇಟಿನ ಕಾಫಿ ಹಣ್ಣು ಸುಲಿಯುವ ಯಂತ್ರದ ಫಿಟ್ಟರು. ಊರು ಘಟ್ಟದ ಕೆಳಗೆ. ತನಗೆ ಗೊತ್ತಿಲ್ಲ ಎಂಬ ಮಾತನ್ನು ಅವನು ಹುಟ್ಟಿದಾರಭ್ಯ ಆಡಿದವನಲ್ಲ.

“ಒಂದು ತೂತಿಗೆ ಇಷ್ಟು ತಲೆಬಿಸಿ ಎಂತಕ್ಕೆ ಮಾರಾಯ್ರೆ? ಹಲಸಿನ ಮೇಣ ಹಾಕುವ. ಕಾಗೆ ಕೂತರೆ ಕಾಗೆ ಏಳುವುದಿಲ್ಲ, ನೀರು ಎಲ್ಲಿಂದ ಹೋಗುದು?”

“ಕಾರಿಗೆ ಹಲಸಿನ ಮೇಣವಾ?”

“ದೊರೆಯ ಊರಿನಲ್ಲಿ ಹಲಸು ಇಲ್ಲ. ಅದಕ್ಕೇ ಅವರ ಕಾರು ಸೋರುದು.”

ಎಲ್ಲಿಂದಲೋ ಮೇಣ ತಂದು, ಕಾಯಿಸಿ, ತೂತಿಗೆ ಮುಷ್ಟಿ ತುಂಬ ಮೆತ್ತಿದ್ದಾಯಿತು. ಭಾನುವಾರ ಬೆಳಿಗ್ಗೆ ಪರೀಕ್ಷೆ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ, ಆದ್ದರಿಂದ ಮಳೆಯನ್ನು ಇವರೇ ಸುರಿಸಬೇಕಾಯಿತು. ಕೊಳಾಯಿಯ ಬುಡಕ್ಕೆ ಕಾರು ತಂದು ನಿಲ್ಲಿಸಿ ಧರ್ಮಪಾಲ ಕೊಡದ ಮೇಲೆ ಕೊಡ ನೀರು ಹೊಯ್ದ. ಕುಶಾಲಪ್ಪ ಒಳಗೆ ಕೂತು ಅಂಗೈಯನ್ನು ತೂತಿನ ಕೆಳಗೆ ಒಡ್ಡಿದ. ಅಂಗೈ ಒಣಗಿಯೇ ಇತ್ತು.

“ಒಂದು ತೊಟ್ಟೂ ಇಲ್ಲೆ!” ಎಂದು ಒಳಗಿನಿಂದ ಕೂಗಿದ.

“ಇನ್ನು ನಾಲ್ಕು ಕೊಡ ಹೊಯ್ಯುವ, ಧೈರ್ಯಕ್ಕೆ” ಎಂದು ಧರ್ಮಪಾಲ ಹೊಯ್ದ.

ಹೊಯ್ದ ನೀರೆಲ್ಲ ಎಲ್ಲಿಗೆ ಹೋಯಿತು ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಗಾಜಿನ ಬುಡದ ತಗಡಿನ ಕೆಳಗೆ ಒಂದು ಪೊಳ್ಳು ಇತ್ತು. ಇಷ್ಟು ವರ್ಷ ಅಲ್ಲಿ ಸೇರಿದ ನೀರು ಆ ತೂತಿನಿಂದ ಹನಿಹನಿಯಾಗಿ ಒಳಗೆ ಸೋರುತ್ತಿತ್ತು. ಈಗ ತೂತು ಮುಚ್ಚಿದ್ದರಿಂದ ನೀರು ಅಲ್ಲಿಯೇ ಕೆರೆಯ ಹಾಗೆ ತುಂಬಿಕೊಂಡು ಕೂತಿತ್ತು. ಬಿಸಿ ತಾಗಿದರೆ ಮೇಣ ಕರಗುತ್ತದೆ, ಎಂಜಿನ್ನು ಓಡಿದರೆ ಬಿಸಿಯಾಗುತ್ತದೆ ಎಂಬ ಎರಡು ಸಂಗತಿಗಳು ಇಬ್ಬರಿಗೂ ಬೇರೆ ಬೇರೆಯಾಗಿ ತಿಳಿದಿದ್ದವು. ಅವೆರಡನ್ನೂ ಕೂಡಿಸಿ ನೋಡಲು ಅಂದು ಪುರುಸೊತ್ತು ಇರಲಿಲ್ಲ.

ಕುಶಾಲಪ್ಪ ಕ್ಷೌರ ಮಾಡಿಸಿಕೊಂಡು, ಬಿಳಿ ಅಂಗಿ ತೊಟ್ಟು, ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಎಂದಿನಂತೆ ಜಗಲಿಯ ಮಾಡದಲ್ಲಿಟ್ಟ. ಕಾರಿಗೆ ಏನಾದರೂ ಆದರೆ ಸಹಾಯಕ್ಕೆ ಇರಲಿ ಎಂದು ಧರ್ಮಪಾಲ ತಾನಾಗಿಯೇ ಹತ್ತಿ ಕೂತ. ಕಾರು ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಸೋಮವಾರಪೇಟೆಯ ರಸ್ತೆ ಹಿಡಿಯಿತು. ಕುಶಾಲಪ್ಪ ಗೆದ್ದವನ ಹಾಗೆ ಒಂದು ಮೊಣಕೈಯನ್ನು ಕಿಟಕಿಯ ಹೊರಗಿಟ್ಟುಕೊಂಡು ಹಾಡು ಗುನುಗಿದ.

ಮಾದಾಪುರಕ್ಕೆ ಇನ್ನೂ ದೂರವಿರುವಾಗ ಎದುರಿನಿಂದ ಬೆಳಗಿನ ಬಸ್ಸು ಬಂತು. ರಸ್ತೆ ಕಿರಿದು. ಕಾರನ್ನು ಪೊದೆಗೆ ಒತ್ತಿ ನಿಲ್ಲಿಸಬೇಕಾಯಿತು. ಬಸ್ಸು ಧೂಳು ಎಬ್ಬಿಸಿಕೊಂಡು ದಾಟಿಹೋಗುವಾಗ ಕಿಟಕಿಯಿಂದ ಯಾರೋ ಕೈ ಬೀಸಿ ಕೂಗಿದ ಹಾಗಾಯಿತು.

“ನೋಡಿದ್ಯಾ? ಕಾರು ತೊಳೆದರೆ ಜನರ ಗೌರವವೇ ಬೇರೆ” ಎಂದ ಕುಶಾಲಪ್ಪ, ಧೂಳು ತುಂಬಿದ ಕಣ್ಣು ಒರೆಸಿಕೊಳ್ಳುತ್ತ.

ಮಾದಾಪುರ ಕಳೆದ ಮೇಲೆ ಏರು. ಎಂಜಿನ್ನು ಕಾದು ಬುಸುಗುಟ್ಟಿತು. ಬಿಳಿಗದ್ದೆಯ ಕೊನೆಯ ತಿರುವು, ಮಾವ ಬೊಳ್ಳಪ್ಪನ ಮನೆಯ ಗದ್ದೆ ಬದು ಕಾಣುವ ಹೊತ್ತಿಗೆ ಎಲ್ಲಿಂದಲೋ ಸುಟ್ಟ ಹಲಸಿನ ವಾಸನೆ ಬಂತು. ಕುಶಾಲಪ್ಪ ಮೂಗು ಅರಳಿಸಿದ. ಮರುಕ್ಷಣ ತೂತು ಬಾಯಿಬಿಟ್ಟು, ಬೆಳಿಗ್ಗೆ ಹೊಯ್ದ ಅಷ್ಟೂ ನೀರು ಒಂದೇ ಉಸಿರಿಗೆ ಒಳಕ್ಕೆ ಧುಮುಕಿತು. ಹಾರ್ನ್ ಕೂಗಿತು, ಕಡ್ಡಿ ಎದ್ದಿತು, ಕೈ ಚಾಚಿತು. ನೀರು ಅಷ್ಟಕ್ಕೇ ನಿಲ್ಲದೆ ಎಂಜಿನ್ನಿಗೆ ಕಿಡಿ ಹಂಚುವ ಡಬ್ಬಿಯ ಒಳಗೂ ಹೋಯಿತು. ಕಿಡಿ ಬರಬೇಕಾದಾಗ ಬಾರದೆ, ಬರಬಾರದಾಗ ಬಂದು, ಸೈಲೆನ್ಸರಿನಲ್ಲಿ ತುಂಬಿದ್ದ ಪೆಟ್ರೋಲು ಸಿಡಿಯಿತು.

“ಢಂ!”

ಅದರ ಬೆನ್ನಿಗೇ ಇನ್ನೊಂದು. “ಢಂ!”

ಕಾರು ಬಿದಿರು ಮೆಳೆಯ ಮರೆಯಲ್ಲಿ ಉಸಿರು ಬಿಟ್ಟು ನಿಂತಿತು. ಹಾರ್ನೂ ನಿಂತಿತು. ಮರದ ಹಕ್ಕಿಗಳೆಲ್ಲ ಹಾರಿಹೋದವು.

ಇದು ಬೇರೆ ಸೀಮೆಯಲ್ಲಿ ಆಗಿದ್ದರೆ ಕಾರು ಕೆಟ್ಟಿತು ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಆದರೆ ಕೊಡಗಿನಲ್ಲಿ ಬಂದೂಕಿನ ಮಾತು ಎಲ್ಲರಿಗೂ ಅರ್ಥವಾಗುತ್ತದೆ. ಅಂಗಳದಲ್ಲಿ ಒಂದು ಗುಂಡು ಹಾರಿದರೆ ಆ ಮನೆಯಲ್ಲಿ ಗಂಡು ಮಗು ಹುಟ್ಟಿತು ಎಂದರ್ಥ. ಒಂದರ ಬೆನ್ನಿಗೆ ಇನ್ನೊಂದು ಹಾರಿದರೆ ಯಾರೋ ತೀರಿಕೊಂಡರು ಎಂದರ್ಥ. ಕೇಳಿದವರು ಹಿಡಿದ ಕೆಲಸವನ್ನು ಅಲ್ಲಿಗೇ ಬಿಟ್ಟು ಆ ಮನೆಗೆ ಹೊರಡಬೇಕು. ಬೊಳ್ಳಪ್ಪ ಒಂದು ತಿಂಗಳಿಂದ ಸೊಂಟ ಹಿಡಿದು ಮಲಗಿದ್ದ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಶಬ್ದ ಬಂದದ್ದೂ ಅವನ ಮನೆಯ ಕಡೆಯಿಂದಲೇ. ಬಿಳಿಗದ್ದೆಯಲ್ಲಿ ಯಾರಿಗೂ ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಧರ್ಮಪಾಲ ಬಾನೆಟ್ಟು ಎತ್ತಿ ಲುಂಗಿಯ ತುದಿಯಲ್ಲಿ ಡಬ್ಬಿ ಒರೆಸತೊಡಗಿದ. “ನೀವು ನಡೆಯಿರಿ ಮಾರಾಯ್ರೆ. ಪೊನ್ನಮ್ಮನವರು ಸೀರೆ ಮಡಚುವುದರೊಳಗೆ ಕಾರು ಬಾಗಿಲಿಗೆ ತರ್ತೇನೆ. ಇವತ್ತು ಆದದ್ದು ಅವರಿಗೆ ಹೇಳಬೇಡಿ.”

ಕುಶಾಲಪ್ಪ ಅಂಗಿಯ ನೀರು ಹಿಂಡಿಕೊಂಡು ಗದ್ದೆಯ ಬದುವಿನಲ್ಲಿ ನಡೆದ. ಮನೆಯ ಅಂಗಳ ಕಂಡಾಗ ಅವನು ನಡಿಗೆ ಬಿರುಸು ಮಾಡಿದ. ನಾಲ್ಕೂ ಕಡೆಯಿಂದ ಜನ ಓಡಿ ಬರುತ್ತಿದ್ದರು. ಕೆಲವರು ಆಗಲೇ ಹಸಿ ಬಿದಿರು ಕಡಿದು ತಂದಿದ್ದರು. ಒಳಗಿನಿಂದ ಹೆಂಗಸರ ಅಳು ಕೇಳಿಸುತ್ತಿತ್ತು. ಅಂಗಳದ ನಡುವೆ ಮೊಣ್ಣಪ್ಪ ನಿಂತು ಅಪ್ಪಣೆ ಕೊಡುತ್ತಿದ್ದ. ಊರಿನಲ್ಲಿ ಯಾರೇ ಸತ್ತರೂ ಮುಂದೆ ನಿಂತು ಎಲ್ಲ ಸಾಂಗವಾಗಿ ನಡೆಸಿಕೊಡುವವನು ಈ ಮೊಣ್ಣಪ್ಪ. ಬದುಕಿದವರ ವಿಷಯದಲ್ಲಿ ಅವನಿಗೆ ಅಷ್ಟು ಆಸಕ್ತಿ ಇರಲಿಲ್ಲ.

“ಬಂದೆಯಾ ಕುಶಾಲಪ್ಪ? ಅಷ್ಟ್ ಬೇಗ ಸುದ್ದಿ ಮುಟ್ಟಿತಾ? ಒಳ್ಳೇದಾತ್. ಮಾವ ಪುಣ್ಯಾತ್ಮ. ನಾನ್ ಆಗಲೇ ಈಗ ಹೋದ ಎರಡನೇ ಬಸ್ಸ್ ನಿಲ್ಲಿಸಿ ಕಂಡಕ್ಟರ್ ಹತ್ರ ಹೇಳಿ ಕಳಿಸಿದೆ, ಮಾದಾಪುರ, ಸುಂಟಿಕೊಪ್ಪ ಎಲ್ಲ ಕಡೆ ನೆಂಟರಿಗೆ ತಿಳಿಸಿ ತ.”

ತನ್ನ ಕಾರು ಸಿಡಿದದ್ದು ಕುಶಾಲಪ್ಪನಿಗೆ ಗೊತ್ತಿತ್ತು. ಆದರೆ ಇಷ್ಟು ಜನ, ಇಷ್ಟು ಅಳು, ಇಷ್ಟು ಬಿದಿರು ಸುಮ್ಮಸುಮ್ಮನೆ ಸೇರುವುದುಂಟೆ? ಅದೇ ಹೊತ್ತಿಗೆ ಮಾವನೂ ಹೋಗಿರಬೇಕು ಎಂದುಕೊಂಡ. ಮದುವೆಯಲ್ಲಿ ಮಾವ ತನ್ನ ಕೈಹಿಡಿದದ್ದು ನೆನಪಾಗಿ ನಿಜವಾಗಿಯೇ ದುಃಖ ಉಕ್ಕಿತು. ಜಗಲಿಯ ಕಂಬ ತಬ್ಬಿಕೊಂಡು “ಅಯ್ಯೋ ಮಾವಾ!” ಎಂದು ಗೋಳಾಡಿದ.

“ಎಂಥಾತ್?” ಎಂದು ಒಳಗಿನಿಂದ ಗಡಸು ದನಿಯೊಂದು ಕೇಳಿತು.

ಬಚ್ಚಲುಮನೆಯ ಬಾಗಿಲು ತೆರೆದು ಬೊಳ್ಳಪ್ಪ ಹೊರಬಂದ. ಸಾವಿಗೆ ಹೋಗುವವರು ಉಡುವ ಬಿಳಿ ಪಂಚೆ, ಬಿಳಿ ಶಾಲು, ಕಂಕುಳಲ್ಲಿ ಕೊಡೆ. ಸೊಂಟ ಹಿಡಿದುಕೊಂಡಿದ್ದರೂ ಮುಖದಲ್ಲಿ ಹುರುಪು ಇತ್ತು.

“ನಡೀರಿ, ಹೊತ್ತಾತ್. ಎರಡು ಗುಂಡು ಕೇಳಿದ ಕೂಡಲೆ ಎದ್ದ್ ನೀರು ಹೊಯ್ದುಕೊಂಡೆ. ಹೋದ್ದ್ ಯಾರು, ನಾಣಯ್ಯನಾ?”

ಬಿದಿರು ಹಿಡಿದವರು ಅದನ್ನು ಕೆಳಗೆ ಬಿಟ್ಟರು. ಒಳಗೆ ಅಳುತ್ತಿದ್ದ ಹೆಂಗಸರೂ ಅಳು ನಿಲ್ಲಿಸಿ ಬಾಗಿಲಿಗೆ ಬಂದರು. ನಾಣಯ್ಯ ಆಚೆ ಮನೆಯ ಮುದುಕ. ಬೊಳ್ಳಪ್ಪನಿಗೂ ಅವನಿಗೂ ಗದ್ದೆಯ ನೀರಿನ ವಿಷಯದಲ್ಲಿ ಮಾತು ನಿಂತು ಬಹಳ ಕಾಲವಾಗಿತ್ತು. ಅದೇ ನಾಣಯ್ಯ ಆಗ ತಾನೂ ಬಿಳಿ ಪಂಚೆ ಬಿಳಿ ಶಾಲು ಹೊದ್ದು ಕಣ್ಣೊರೆಸಿಕೊಳ್ಳುತ್ತ ಅಂಗಳಕ್ಕೆ ಕಾಲಿಟ್ಟ.

“ಏನೇ ಆಗಲಿ, ಬೊಳ್ಳಪ್ಪನಂಥ ದೊಡ್ಡ ಮನುಷ್ಯ ಈ ಊರಿಲಿ ಇನ್ನ್ ಹುಟ್ಟಿಲ್ಲೆ” ಎಂದು ದಾರಿಯುದ್ದಕ್ಕೂ ಅಣಿ ಮಾಡಿಕೊಂಡು ಬಂದ ಮಾತನ್ನು ಆಡಿಯೇ ಬಿಟ್ಟ. ಆಮೇಲೆ ತಲೆ ಎತ್ತಿ ನೋಡಿದ.

ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿಕೊಂಡರು. ಇಬ್ಬರ ಮುಖವೂ ಸಪ್ಪಗಾಯಿತು.

“ಎರಡು ಗುಂಡು ಬಿದ್ದದ್ದ್ ಊರೇ ಕೇಳಿಯುಟ್ಟು” ಎಂದ ಮೊಣ್ಣಪ್ಪ. “ಗುಂಡು ಬಿದ್ದ ಮೇಲೆ ಯಾರಾದರೂ ಸತ್ತಿರಲೇಬೇಕು. ಹುಡುಕಿ.”

ಬಾಯಿಬಿಡುವ ಸಮಯ ಕುಶಾಲಪ್ಪನಿಗೆ ಆಗಲೇ ಇತ್ತು. ಶಬ್ದ ನನ್ನ ಕಾರಿನದು ಎಂದರೆ ಮುಗಿಯುತ್ತಿತ್ತು. ಆದರೆ ಕಾರು ಇನ್ನೂ ಸೋರುತ್ತದೆ ಎಂದು ಪೊನ್ನಮ್ಮನ ಕಿವಿಗೆ ಬಿದ್ದರೆ ಅವಳು ಬರುವುದಿಲ್ಲ. ಒಳಗೆ ಹೆಂಗಸರ ಗುಂಪಿನಲ್ಲಿ ಎಲ್ಲೋ ನಿಂತು ಕೇಳಿಸಿಕೊಳ್ಳುತ್ತಿರಬೇಕು ಎಂದು ಬಾಗಿಲ ಕಡೆ ಒಮ್ಮೆ ನೋಡಿ ತುಟಿ ಹೊಲಿದುಕೊಂಡ.

ಬೊಳ್ಳಪ್ಪನ ಕಣ್ಣು ಅಳಿಯನ ಮೇಲೆ ಬಿತ್ತು. “ನೀನ್ ಒಬ್ಬನೇ ಬಂದೆಯಾ?”

“ಇಲ್ಲೆ ಮಾವ, ಧರ್ಮಪಾಲನೂ ಒಟ್ಟಿಗೆ ಬಂದ. ಹಿಂದಿಂದ ಬರ್ತಾ ಒಳೊ.”

ಬೊಳ್ಳಪ್ಪ ಇನ್ನೇನೋ ಕೇಳಲು ಹೊರಟಿದ್ದ, ಆದರೆ ಮೊಣ್ಣಪ್ಪ ಆಗಲೇ ಜನರನ್ನು ಹುಡುಕಲು ಕಳಿಸುತ್ತಿದ್ದ. ಊರಿನಲ್ಲಿ ಯಾರಿಗೆ ವಯಸ್ಸಾಗಿದೆಯೋ ಅವರ ಮನೆಗೆಲ್ಲ ಒಂದೊಂದು ತಂಡ ಹೋಯಿತು. ಮೊದಲ ತಂಡ ಚನ್ನಬಸಮ್ಮನ ಮನೆಗೆ. ಶಿರಂಗಾಲದ ಕಡೆಯಿಂದ ಮದುವೆಯಾಗಿ ಬಂದ ಆ ಮುದುಕಿ ಭತ್ತ ಹರವಿದ ಚಾಪೆಯ ಪಕ್ಕ ಬಿಸಿಲಿಗೆ ಬಾಯಿ ತೆರೆದು ಮಲಗಿದ್ದಳು. ಬಂದವರು ಟೊಪ್ಪಿ ತೆಗೆದು ಸುತ್ತ ನಿಂತರು. ಒಬ್ಬ ಮೂಗಿನ ಹತ್ತಿರ ಬೆರಳು ಹಿಡಿದ.

ಚನ್ನಬಸಮ್ಮ ಆ ಬೆರಳನ್ನು ಕೊಡವಿ ಎದ್ದು ಕೂತಳು. “ಏನ್ರಲಾ ಇದು, ಕಾಗೆ ಮುತ್ಕೊಂಡಂಗೆ ಮುತ್ಕೊಂಡಿದ್ದೀರಾ? ಮಲಗಿರೋ ಹೆಂಗ್ಸಿನ ಮೂಗಿಗೆ ಕೈ ಇಕ್ತೀರಲ್ಲ, ನಿಮ್ಗೇನ್ ಬಂದಿತ್ತು ದೊಡ್ಡ್ ರೋಗ!”

“ಗುಂಡು ಬಿತ್ತು ಅಜ್ಜಿ, ಅದಕ್ಕೆ...”

“ಗುಂಡು ಬಿದ್ರೆ ನಾನ್ಯಾಕ್ಲಾ ಸಾಯ್ಬೇಕು? ಎಲ್ಲಿ, ಯಾವನು ಹಾರ್ಸಿದ್ದು ತೋರ್ಸಿ, ಬಂದೆ.”

ಅವಳು ಕೋಲು ಹಿಡಿದು ಹೊರಟೇ ಬಿಟ್ಟಳು. ಉಳಿದ ಮುದುಕ ಮುದುಕಿಯರೂ ಹಾಗೆಯೇ ಸಿಟ್ಟಾಗಿ, ತಾವು ಬದುಕಿರುವುದನ್ನು ತಾವೇ ತೋರಿಸಿ ಬರಲು ಬೊಳ್ಳಪ್ಪನ ಅಂಗಳಕ್ಕೆ ಬಂದರು. ನಡೆಯಲಾರದ ಒಬ್ಬನನ್ನು ಆಗ ತಾನೇ ಕಡಿದ ಬಿದಿರಿನಲ್ಲಿ ಕುರ್ಚಿ ಕಟ್ಟಿ ಹೊತ್ತು ತರಲಾಯಿತು. ಮಧ್ಯಾಹ್ನದ ಹೊತ್ತಿಗೆ ಬಿಳಿಗದ್ದೆಯ ಅಷ್ಟೂ ಹಿರಿಯರು ಜಗಲಿಯಲ್ಲಿ ಸಾಲಾಗಿ ಕೂತು ಬೊಳ್ಳಪ್ಪ ಕೊಟ್ಟ ಕಾಫಿ ಕುಡಿಯುತ್ತಿದ್ದರು. ಯಾರೂ ಕಡಿಮೆ ಇರಲಿಲ್ಲ.

ಮೊಣ್ಣಪ್ಪನಿಗೆ ಇದು ಸಹಿಸಲಾಗದ ಅವಮಾನ. “ಹಾಂಗಾದ್ರೆ ಯಾರೋ ಸುಮ್ಮನೆ ಗುಂಡು ಹಾರಿಸಿಯೊಳೊ. ಸಾವಿನ ಗುಂಡಲ್ಲಿ ಆಟ! ಅವ ಯಾರು ತ ಗೊತ್ತಾಗದೆ ಇಲ್ಲಿಂದ ಒಬ್ಬರೂ ಏಳಬಾರದು. ಬಂದೂಕು ತನ್ನಿ.”

ಮನೆ ಮನೆಯ ಬಂದೂಕು ಬಂತು. ಮೊಣ್ಣಪ್ಪ ಒಂದೊಂದರ ನಳಿಗೆಗೂ ಮೂಗು ಹಚ್ಚಿ ಮೂಸಿದ. ಎಣ್ಣೆಯ ವಾಸನೆ, ತುಕ್ಕಿನ ವಾಸನೆ, ನಾಣಯ್ಯನ ಬಂದೂಕಿನಲ್ಲಿ ಇಲಿಯ ವಾಸನೆ. ಮದ್ದಿನ ವಾಸನೆ ಯಾವುದರಲ್ಲೂ ಇಲ್ಲ. ಕುಶಾಲಪ್ಪನೂ ಎಲ್ಲರ ಜೊತೆ ತಲೆ ಅಲ್ಲಾಡಿಸಿ, ಕಾಲ ಕೆಟ್ಟುಹೋಯಿತು ಎಂದ.

ಆಗ ಬಿದಿರು ಮೆಳೆಯ ಕಡೆಯಿಂದ ಕೇಳಿಸಿತು. “ಢಂ!”

ಎಲ್ಲರೂ ಎರಡನೆಯದಕ್ಕೆ ಕಿವಿ ಕೊಟ್ಟು ಕಾದರು. ಬರಲಿಲ್ಲ.

“ಒಂದೇ!” ಎಂದ ಮೊಣ್ಣಪ್ಪ. “ಗಂಡು ಮಗು!”

“ಅಯ್ಯೋ ಶಿವನೇ, ನನ್ನ ಮೊಮ್ಮಗಳು!” ಎಂದು ಚನ್ನಬಸಮ್ಮ ಕೋಲು ಎಸೆದು ಎದ್ದಳು. “ಇನ್ನೂ ದಿನ ತುಂಬಿಲ್ವಲ್ರಪ್ಪಾ, ಬೆಳಿಗ್ಗೆ ಒಳ್ಳೇ ರೊಟ್ಟಿ ತಿಂತಿದ್ಲು!”

ಆದರೆ ಅವಳು ಅಂಗಳ ದಾಟುವ ಮೊದಲೇ ತಿರುವಿನಿಂದ ಕಾರು ಕಾಣಿಸಿಕೊಂಡಿತು. ಧರ್ಮಪಾಲ ಒಳಗೆ ನೆಟ್ಟಗೆ ಕೂತಿದ್ದ. ಕಾರು ಹಾರ್ನ್ ಕೂಗುತ್ತ, ಹೊಗೆ ಉಗುಳುತ್ತ, ತಪ್ಪೊಪ್ಪಿಕೊಂಡು ಶರಣಾಗುವ ಕಳ್ಳನ ಹಾಗೆ ಒಂದು ಕೈ ಮೇಲೆತ್ತಿಕೊಂಡು ಅಂಗಳಕ್ಕೆ ಬಂತು. ಬಂದದ್ದೇ ಎಲ್ಲರೆದುರು ಮತ್ತೆ ಎರಡು ಸಲ ಸಿಡಿದು ನಿಂತಿತು.

“ಹೇಳಿದ್ನಲ್ಲ ಮಾರಾಯ್ರೆ, ಬಾಗಿಲಿಗೆ ತರ್ತೇನೆ ಅಂತ!” ಎಂದ ಧರ್ಮಪಾಲ.

ಅಷ್ಟೂ ಜನ ಕುಶಾಲಪ್ಪನ ಕಡೆ ತಿರುಗಿದರು. ಚನ್ನಬಸಮ್ಮ ಎಸೆದ ಕೋಲನ್ನು ಹುಡುಕತೊಡಗಿದಳು. ಕುಶಾಲಪ್ಪನಿಗೆ ನಿಂತ ನೆಲ ಬಾಯಿಬಿಡಬಾರದೆ ಅನ್ನಿಸಿತು. ಗುಟ್ಟು ರಟ್ಟಾಯಿತು, ಪೊನ್ನಮ್ಮ ಕೇಳಿಸಿಕೊಂಡಾಯಿತು. ಇನ್ನು ಎರಡರಲ್ಲಿ ಒಂದನ್ನು ಬಿಡದೆ ಗತಿಯಿಲ್ಲ. ಆ ಕ್ಷಣದಲ್ಲಿ ಯಾವುದು ತನಗೆ ಬೇಕಾದದ್ದು ಎಂದು ಅವನಿಗೆ ಸ್ಪಷ್ಟವಾಯಿತು, ಮತ್ತು ಅದು ಕಾರಲ್ಲ. ಹಾಗೆ ಸ್ಪಷ್ಟವಾದದ್ದೇ ಅವನಿಗೆ ಎಲ್ಲಿಲ್ಲದ ಧೈರ್ಯ ಬಂತು.

ಒಳಗೆ ಹೋಗಿ ನಡುಮನೆಯ ದೀಪ ಮುಟ್ಟಿ, ಹೆಂಗಸರಿಗೆಲ್ಲ ಕೇಳುವ ಹಾಗೆ ದನಿ ಎತ್ತಿದ. “ತಪ್ಪಾತ್. ಗುಂಡಲ್ಲ ಅದ್, ನನ್ನ ಕಾರು. ಈ ದೀಪದ ಮೇಲೆ ಆಣೆ, ಆ ಕಾರ್‌ನ ಇವತ್ತಿಗೆ ಬಿಟ್ಟೆ. ಮಾವ, ಅದ್ ಇನ್ನ್ ನಿಮ್ಮದ್, ಇಲ್ಲೇ ಇರಲಿ. ನಾನ್ ಇನ್ನ್ ಅದರ ಸ್ಟಿಯರಿಂಗ್ ಮುಟ್ಟುದಿಲ್ಲೆ. ನಂಗೆ ಪೊನ್ನಮ್ಮ ಒಬ್ಬಳ್ ಸಾಕ್. ಪೊನ್ನಮ್ಮ, ಹೊರಗೆ ಬಾ. ಬಸ್ಸಿಲೇ ಹೋಗುವ.”

ಇಂಥ ಮಾತನ್ನು ಬಿಳಿಗದ್ದೆಯಲ್ಲಿ ಯಾವ ಗಂಡನೂ ಅದುವರೆಗೆ ಆಡಿರಲಿಲ್ಲ. ಹೆಂಗಸರು ಕಣ್ಣೊರೆಸಿಕೊಂಡರು. ಮೊಣ್ಣಪ್ಪ ಕೂಡ ಮುಂದೆ ಬಂದು, ಊರೇ ಸಾಕ್ಷಿ ಎಂದ. ಚನ್ನಬಸಮ್ಮ ಅವನನ್ನು ಕ್ಷಮಿಸಿ ಕೋಲು ಕೆಳಗಿಟ್ಟಳು. ಪೊನ್ನಮ್ಮ ಮಾತ್ರ ಬರಲಿಲ್ಲ.

ಬೊಳ್ಳಪ್ಪ ಅಳಿಯನ ಹತ್ತಿರ ಬಂದ. “ಎಲ್ಲಿ ಪೊನ್ನಮ್ಮ? ಅವಳ್ ಬೆಳಿಗ್ಗೆ ಬಸ್ಸಿಗೇ ಹೋದಳಲ್ಲ, ನಿನ್ನ ಮನೆಗೆ!”

“ನನ್ನ ಮನೆಗಾ? ಎಂತಕೆ?”

“ಎಂತಕೆ ತ ಕೇಳಿರೆ? ನಿನ್ನ ನೋಡದೆ ಬೇಜಾರಾಗಿ. ‘ಕಾರ್ ಸೋರಿರೆ ಸೋರಲಿ, ಮಡಿಲಿಗೆ ನೀರು ತಾಗದ ಎಣ್ಣೆಬಟ್ಟೆ ಹಾಸಿ ಕೂರ್ತೆ. ಊರಿಲಿ ಬೇರೆ ಯಾವ ಹೆಂಗ್ಸಿಗೆ ಕಾರ್ ಉಟ್ಟು?’ ತ ಹೇಳಿ ನನ್ನ ಹಾಸಿಗೆಯ ಎಣ್ಣೆಬಟ್ಟೆಯನ್ನೇ ಎಳೆದುಕೊಂಡ್ ಹೋದಳ್. ಹುತ್ತರಿ ಹಬ್ಬಕ್ಕೆ ಕಾರಿಲೇ ಬರ್ತೆ ತ ಇಲ್ಲಿ ಎಲ್ಲರಿಗೂ ಹೇಳಿ ಹೋಗಿಯೊಳು.”

ಕುಶಾಲಪ್ಪ ನೆಲದ ಮೇಲೆ ಕೂತ. ಬೆಳಿಗ್ಗೆಯಿಂದ ತಾನು ಏನನ್ನೂ ಮಾಡದೆ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರೆ ಸಾಕಾಗುತ್ತಿತ್ತು ಎಂಬುದು ಅವನ ತಲೆಯೊಳಗೆ ಮೆಲ್ಲಗೆ ಇಳಿಯಿತು. ಆಣೆ ಹಿಂತೆಗೆದುಕೊಳ್ಳುವ ದಾರಿ ಉಂಟೇ ಎಂದು ಮೊಣ್ಣಪ್ಪನ ಮುಖ ನೋಡಿದ. ಮೊಣ್ಣಪ್ಪನ ಮುಖದಲ್ಲಿ ಅಂಥ ದಾರಿ ಕಾಣಲಿಲ್ಲ.

ಅಷ್ಟರಲ್ಲಿ ಮಧ್ಯಾಹ್ನದ ಬಸ್ಸು ರಸ್ತೆಯಲ್ಲಿ ನಿಂತಿತು. ಇಳಿದವಳು ಪೊನ್ನಮ್ಮ. ತಲೆಗೂದಲು ಬಿಚ್ಚಿಹೋಗಿತ್ತು, ಕೈಯಲ್ಲಿ ಎಣ್ಣೆಬಟ್ಟೆಯ ಸುರುಳಿ ಹಾಗೆಯೇ ಇತ್ತು. “ಅಪ್ಪಾ!” ಎಂದು ಬೊಬ್ಬೆ ಹಾಕುತ್ತ ಗದ್ದೆ ಬದುವಿನಲ್ಲಿ ಓಡಿ ಬಂದು, ಕಾಫಿ ಲೋಟ ಹಿಡಿದು ನಿಂತಿದ್ದ ಅಪ್ಪನಿಗೆ ಡಿಕ್ಕಿ ಹೊಡೆದಳು. ಸತ್ತನೆಂದುಕೊಂಡ ಅಪ್ಪನನ್ನು ಮುಟ್ಟಿ ಮುಟ್ಟಿ ನೋಡಿ, ಅತ್ತು, ನಕ್ಕು, ಮತ್ತೆ ಅತ್ತಳು. ನೋಡುತ್ತಿದ್ದ ಕುಶಾಲಪ್ಪನ ಕಣ್ಣಲ್ಲೂ ನೀರು ಬಂತು.

ಆಮೇಲೆ ಅವಳಿಗೆ ನಡೆದದ್ದೆಲ್ಲ ಗೊತ್ತಾಯಿತು. ಒಬ್ಬರು ಹೇಳಿದ್ದರೆ ಅಷ್ಟು ಕೆಡುತ್ತಿರಲಿಲ್ಲ, ಊರಿಗೆ ಊರೇ ಒಟ್ಟಿಗೆ ಹೇಳಿತು.

“ಬಸ್ಸಿಂದ ಕೈ ಬೀಸಿ ಕೂಗಿದ್ದ್ ನಾನೇ. ನೀವ್ ಹಿಂದೆ ಬರ್ತೀರಿ ತ ಬೀಗ ತೆಗೆದ್, ಮನೆ ಗುಡಿಸಿ, ಕೋಳಿಸಾರ್ ಮಾಡಿ ಬಾಗಿಲಲಿ ಕಾಯ್ತಾ ಕೂತಿದ್ದೆ” ಎಂದಳು ಗಂಡನಿಗೆ. “ಕಂಡಕ್ಟರ್ ಬಂದ್ ಅಪ್ಪ ಹೋದ ತ ಹೇಳ್ದ. ದಾರಿಯುದ್ದ ಎದೆ ಬಡಕೊಂಡ್ ಬಂದೆ. ಇಲ್ಲಿ ನೋಡಿರೆ ನಮ್ಮ ಕಾರೇ ಅಪ್ಪನ ಕೊಂದದ್ದ್!”

“ಕಾರ್ ಬಿಟ್ಟೆ ಪೊನ್ನಮ್ಮ, ನಿಂಗೋಸ್ಕರವೇ ಬಿಟ್ಟೆ” ಎಂದ ಕುಶಾಲಪ್ಪ ಮೆಲ್ಲಗೆ.

“ಬಿಡಿ ತ ಯಾರ್ ಹೇಳ್ದ? ಸೋರದ ಹಾಂಗೆ ಮಾಡಿ ತ ಹೇಳ್ದೆ. ಹುತ್ತರಿಗೆ ಕಾರಿಲಿ ಬರ್ತೆ ತ ಊರಿಗೆಲ್ಲ ಹೇಳಿ ಹೋದವಳ್ ನಾನ್. ಇನ್ನ್ ಬಸ್ಸಿಲಿ ಹೋಗಿ ಬಸ್ಸಿಲಿ ಬಂದ್ ಮುಖ ತೋರಿಸ್ಲಾ? ಕಾರ್ ಇಲ್ಲೇ ಅಲ್ಲನಾ ಇರುದ್? ನಾನೂ ಇಲ್ಲೇ.”

ಅವಳ ದನಿಯಲ್ಲಿ ಮೇಲ್ಮನವಿಗೆ ಜಾಗವಿರಲಿಲ್ಲ.

ಈ ನಡುವೆ ಬೊಳ್ಳಪ್ಪನಿಗೆ ಬೇರೆ ಚಿಂತೆ ಹತ್ತಿತ್ತು. ತಾನು ಸತ್ತ ಸುದ್ದಿ ಬಸ್ಸಿನಲ್ಲಿ ಮಾದಾಪುರದವರೆಗೂ ಹೋಗಿದೆ. ಅಲ್ಲಿಂದ ನೆಂಟರು ಹೊರಡುವ ಮೊದಲೇ ತಾನೇ ಹೋಗಿ ಮುಖ ತೋರಿಸಬೇಕು. ಹಿಡಿದ ಸೊಂಟಕ್ಕೆ ಬಸ್ಸಿನ ಕುಲುಕಾಟ ಆಗದು. ಅಂಗಳದಲ್ಲಿ ನಿಂತಿದ್ದ ಕಾರಿನ ಸೀಟನ್ನು ಅಂಗೈಯಲ್ಲಿ ಒತ್ತಿ ನೋಡಿದ. ಮೆತ್ತಗಿತ್ತು.

“ನೀರ್ ಆಗದ್ದ್ ಎಂಜಿನ್ನಿಗೆ ಅಲ್ಲನಾ? ನನ್ನ ಎತ್ತಿಗೆ ಎಂಥ ನೀರ್!” ಎಂದು ಜೋಡಿ ಎತ್ತು ತರಿಸಿ ಕಾರಿನ ಮೂತಿಗೆ ಹಗ್ಗ ಕಟ್ಟಿಸಿದ.

ಸಂಜೆ ಕುಶಾಲಪ್ಪನೂ ಧರ್ಮಪಾಲನೂ ಕೊನೆಯ ಬಸ್ಸು ಹತ್ತಿದರು. ಕೂರಲು ಜಾಗವಿರಲಿಲ್ಲ. ಒಂದು ಫರ್ಲಾಂಗು ಹೋಗುವುದರೊಳಗೆ ಬಸ್ಸು ನಿಧಾನವಾಯಿತು. ಮುಂದೆ ಕಿರಿದಾದ ರಸ್ತೆಯ ಅಗಲ ತುಂಬ ಎರಡು ಎತ್ತುಗಳು ಒಂದು ಕಾರನ್ನು ಎಳೆದುಕೊಂಡು ಹೋಗುತ್ತಿದ್ದವು. ಬೊಳ್ಳಪ್ಪ ಒಂದು ಕಿಟಕಿಯಿಂದ ತಲೆ ಹೊರಗೆ ಹಾಕಿ, ಸಿಕ್ಕ ಸಿಕ್ಕವರಿಗೆಲ್ಲ ತಾನು ಬದುಕಿರುವುದನ್ನು ಹೇಳುತ್ತ, ಪ್ರತಿ ಮನೆಯ ಮುಂದೆ ಎತ್ತು ನಿಲ್ಲಿಸುತ್ತಿದ್ದ. ಮುಂದಿನ ಸೀಟಿನಲ್ಲಿ ಪೊನ್ನಮ್ಮ ಮಹಾರಾಣಿಯ ಹಾಗೆ ಕೂತಿದ್ದಳು. ಕಾರಿನ ಕೆಂಪು ಕೈ ಇನ್ನೂ ಎತ್ತಿಯೇ ಇತ್ತು, ಆದ್ದರಿಂದ ಡ್ರೈವರನಿಗೆ ಆ ಕಡೆಯಿಂದ ದಾಟಲು ಧೈರ್ಯ ಬರಲಿಲ್ಲ.

ಹಿಂದಿನಿಂದ ಬಸ್ಸು ಎಷ್ಟು ಕೂಗಿದರೂ ಅಲ್ಲಿ ಯಾರೂ ತಿರುಗಿ ನೋಡಲಿಲ್ಲ. ಒಮ್ಮೆ ಮಾತ್ರ ಪೊನ್ನಮ್ಮ ತಿರುಗಿ, ಬಸ್ಸಿನ ಗಾಜಿನ ಹಿಂದೆ ಸರಳಿಗೆ ಜೋತು ನಿಂತ ಗಂಡನನ್ನು ಕಂಡಳು. ಅವಳ ಮುಖ ಸ್ವಲ್ಪ ಮೆತ್ತಗಾಯಿತು.

“ಸಾರ್ ಒಲೆ ಮೇಲೆ ಉಟ್ಟು!” ಎಂದು ಕೂಗಿ ಹೇಳಿದಳು. “ಬಿಸಿ ಮಾಡ್ಕಂಡ್ ಉಣ್ಣಿ!”

ಬಸ್ಸಿನಲ್ಲಿದ್ದವರ ತಾಳ್ಮೆ ಮುಗಿದಿತ್ತು. “ಯಾವ ಪುಣ್ಯಾತ್ಮನಪ್ಪ ಆ ಕಾರಿನ ಯಜಮಾನ, ಅವನ ಮನೆ ಹಾಳಾಗ!” ಎಂದು ಕಂಡಕ್ಟರ್ ತಲೆ ಚಚ್ಚಿಕೊಂಡ. ಪ್ರಯಾಣಿಕರೆಲ್ಲ ದನಿಗೂಡಿಸಿದರು. ಕುಶಾಲಪ್ಪನೂ ಸುಮ್ಮನಿರಲಿಲ್ಲ. ಮಾದಾಪುರ ಬರುವವರೆಗೂ ಅವರೆಲ್ಲರಿಗಿಂತ ಗಟ್ಟಿಯಾಗಿ ಬೈದವನು ಅವನೇ.